ಹದಿನಾಲ್ಕನೆಯ ಬಿಲ್ಲೆ

"ಇಲ್ಲೇ ಸಾರ್. ಈ ಮುಳ್ಳುಗಿಡಕ್ಕೇ ಕಟ್ಟಿದ್ದು. ಇದರಿಂದಲೇ ಬಿಚ್ಚಿದ್ದು."

ಬಡಗಿ ಬಲಗೈ ಎತ್ತಿ ತೋರಿಸಿದ. ಅದರ ಹಿಂದೆಯೇ ಎಡಗೈಯೂ ಎದ್ದು ಬಂದಿತು. ಎರಡಕ್ಕೂ ಸೇರಿ ಒಂದೇ ಬೇಡಿ.

ಇನ್ಸ್‌ಪೆಕ್ಟರು ಗಿಡದ ಕಡೆಗೆ ಬಾಗಿದರು. ಓಡುವವನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಒಂದು ರೆಂಬೆಯ ತೊಗಟೆ ಬಟ್ಟೆಯ ಗಂಟಿನಷ್ಟು ಅಗಲಕ್ಕೆ ಸವೆದು ನುಣುಪಾಗಿತ್ತು. ವರ್ಷಗಟ್ಟಲೆ ಒಂದೇ ಕೈ ಒಂದೇ ಜಾಗದಲ್ಲಿ ಕಟ್ಟಿ ಬಿಚ್ಚಿದ ಗುರುತು ಅದು. ಅವರು ನೆಟ್ಟಗಾಗುವಾಗ ಕೋಟಿನ ಅಂಚು ಮುಳ್ಳಿಗೆ ಸಿಕ್ಕಿ, ಗುಂಡಿಯೊಂದು ಕಿತ್ತು ದಾರದ ತುದಿಯಲ್ಲಿ ಜೋತುಬಿದ್ದಿತು.

ಕಳೆದ ಭಾನುವಾರ ಬೆಳಿಗ್ಗೆ, ಮಂಜು ಮುಚ್ಚಿದ್ದ ಈ ಬೋರೆಗುಡ್ಡದ ಮೇಲೆ ಓಡುತ್ತಿದ್ದ ಊರ ಶಾಲೆಯ ಟೀಚರಮ್ಮ ದಾರಿ ತಪ್ಪಿ, ಹೊಳೆಯ ಕಡಿದಾದ ದಂಡೆಯಿಂದ ಕೆಳಗಿನ ಬಂಡೆಗಳ ಮೇಲೆ ಬಿದ್ದು ಸತ್ತಿದ್ದರು. ದಾರಿ ತೋರಬೇಕಾಗಿದ್ದ ಕೆಂಪು ಪಟ್ಟಿಯನ್ನು ಅವರು ಮರಳುವ ಮೊದಲೇ ಬಿಚ್ಚಿದವನು ಈ ಬಡಗಿ.

ಮುಳ್ಳುಗಿಡದ ಮುಂದೆ ದಾರಿ ಎರಡಾಗುತ್ತಿತ್ತು. ಬಲಕ್ಕೆ ತಿರುಗಿದರೆ ಕಾಡಿನೊಳಗೆ ಇಳಿಜಾರು, ಅದರ ತುದಿಗೆ ಊರು. ಎಡಕ್ಕೆ ತಿರುಗಿದರೆ ನೂರು ಹೆಜ್ಜೆ ಹುಲ್ಲು, ಆಮೇಲೆ ನೆಲವೇ ಇಲ್ಲ. ಹೊಳೆ ಇಲ್ಲಿಂದ ಕಾಣದು. ಅದರ ಸದ್ದು ಮಾತ್ರ ಬೋರೆಯ ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಮಂಜಿನಲ್ಲಿ ನಿಂತವನಿಗೆ ಆ ಸದ್ದು ಎಚ್ಚರಿಕೆಯೂ ಅಲ್ಲ, ಗುರುತೂ ಅಲ್ಲ.

ದಫೇದಾರರು ಬಂಡೆಯೊಂದರ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ ಮನುಷ್ಯ.

"ಕಳ್ಳರ ಹಿಂದೆ ಓಡಿದ್ದೀನಿ ಸಾರ್, ಕಳ್ಳರು ಓಡಿದ್ದೂ ನೋಡಿದ್ದೀನಿ. ಯಾರೂ ಅಟ್ಟಿಸ್ಕೊಂಡು ಬರ್ದೆ ಇದ್ರೂ ಓಡೋ ಜನಾನ ಈ ಊರಲ್ಲೇ ಕಂಡಿದ್ದು."

"ನಿಮಗೆ ದಮ್ಮು ಬರೋಕೆ ಯಾರೂ ಅಟ್ಟಿಸ್ಕೊಂಡು ಬರಬೇಕಿಲ್ಲ," ಎಂದ ಬಡಗಿ. ನಾಲ್ಕು ದಿನಗಳಲ್ಲಿ ಅವನು ಆಡಿದ ಮೊದಲ ತಮಾಷೆಯ ಮಾತು ಅದು. ಆಡಿದ ಮೇಲೆ ತಾನೇ ನಾಚಿದಂತೆ ತಲೆ ತಗ್ಗಿಸಿದ.

"ಈ ಪಟ್ಟೀನ ಬಿಚ್ಚೋದಾದ್ರೂ ಯಾಕ್ರೀ? ಹಾಗೇ ಇದ್ರೆ ಏನಾಗ್ತಿತ್ತು?" ದಫೇದಾರರು ಕೇಳಿದರು.

"ಒಂದ್ಸಲ ಹಾಗೇ ಬಿಟ್ಟಿದ್ವಿ. ಕರು ತಿಂತು, ಹೊಟ್ಟೆ ಊದ್ಕೊಂಡು ಸತ್ತೋಯ್ತು. ಅವತ್ತಿಂದ ಎಲ್ಲರೂ ಮರಳಿದ ಕೂಡ್ಲೆ ಬಿಚ್ಕೊಂಡು ಬರೋದು ನನ್ನ ಪಾಲಿನ ಕೆಲಸ."

"ಎಲ್ಲರೂ ಮರಳಿದ್ರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ, ಮೇಸ್ತ್ರಿ?" ಇನ್ಸ್‌ಪೆಕ್ಟರು ಕೇಳಿದರು. ಉತ್ತರ ಅವರಿಗೆ ತಿಳಿದಿತ್ತು. ಅದನ್ನು ಇಲ್ಲಿ, ಈ ಕವಲಿನಲ್ಲಿ, ಇನ್ನೊಮ್ಮೆ ಕೇಳಬೇಕಾಗಿತ್ತು.

"ಹಲಗೆ ಹೇಳುತ್ತೆ ಸಾರ್."

ಹಲಗೆಯೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಓಡುವ ಊರವರ ಓಟದ ಕೂಟದ ಷೆಡ್ಡಿನ ಗೋಡೆಯ ಮೇಲಿದ್ದ ಮರದ ಫಲಕ. ಅದರಲ್ಲಿ ಇಪ್ಪತ್ತೆರಡು ಮೊಳೆ, ಪ್ರತಿ ಮೊಳೆಯ ಮೇಲೂ ಒಂದು ಸಂಖ್ಯೆ. ಕಾಡಿನ ದಾರಿಯಾಗಲಿ, ಹೊಳೆಯ ದಾರಿಯಾಗಲಿ, ಬೋರೆಯ ದಾರಿಯಾಗಲಿ, ಓಡಲು ಹೊರಟವರು ತಮ್ಮ ಸಂಖ್ಯೆಯ ತಗಡಿನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬೇಕು. ಬಂದೊಡನೆ ಮತ್ತೆ ಅದೇ ಮೊಳೆಗೆ ತೂಗುಹಾಕಬೇಕು. ಏಳೂವರೆಗೆ ಒಂದು ಮೊಳೆ ಬರಿದಾಗಿದ್ದರೂ ಊರಿಗೆ ಊರೇ ಶಿಳ್ಳೆ ಊದಿಕೊಂಡು ಹುಡುಕಲು ಹೊರಡುತ್ತದೆ. ಬಿಲ್ಲೆ ಮನೆ ಸೇರದೆ ಪಟ್ಟಿ ಬಿಚ್ಚಬಾರದು ಎಂಬುದು ಅಲ್ಲಿನ ಮಕ್ಕಳಿಗೂ ಬಾಯಿಪಾಠ.

"ಭಾನುವಾರ ಎಷ್ಟು ಬಿಲ್ಲೆ ಇದ್ವು?"

"ಇಪ್ಪತ್ತೆರಡೂ ಇದ್ವು."

"ಎಣಿಸಿದ್ರೋ, ಒಂದು ಅಂದಾಜೋ?"

"ಹಲಗೆ ಮಾಡಿದ್ದು ನಾನು. ಮೊಳೆ ಹೊಡೆದಿದ್ದು ನಾನು. ಹನ್ನೆರಡು ವರ್ಷದಿಂದ ಎಣಿಸ್ತಿದ್ದೀನಿ. ಇಪ್ಪತ್ತೆರಡು ಇದ್ವು."

"ಹದಿನಾಲ್ಕೂ?"

"ಹದಿನಾಲ್ಕೂ ಇತ್ತು."

ಅವನ ಮಾತನ್ನು ಊರಿನಲ್ಲಿ ಯಾರೂ ನಂಬಿರಲಿಲ್ಲ. ನಂಬುವುದಾದರೂ ಹೇಗೆ? ಹದಿನಾಲ್ಕನೆಯ ಬಿಲ್ಲೆ ಹೊಳೆಯಲ್ಲಿ ಸಿಕ್ಕ ಟೀಚರಮ್ಮನ ಸೊಂಟದಲ್ಲೇ ಇತ್ತು. ಮಹಜರು ಬರೆಯುವಾಗ ಇನ್ಸ್‌ಪೆಕ್ಟರೇ ಅದನ್ನು ಬಿಡಿಸಿ ತೆಗೆದಿದ್ದರು. ಇದಕ್ಕೆ ಮೇಲಾಗಿ, ಬಡಗಿ ಶಾಲೆಗೆ ಮಾಡಿಕೊಟ್ಟ ಹನ್ನೆರಡು ಬೆಂಚುಗಳನ್ನು ಟೀಚರಮ್ಮ ನಾಲ್ಕು ಜನರ ಮುಂದೆ ಅಲ್ಲಾಡಿಸಿ ತೋರಿಸಿ, "ಇವು ಬೆಂಚೋ ತೊಟ್ಟಿಲೋ?" ಎಂದು ಹಿಂದಕ್ಕೆ ಕಳಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇಷ್ಟು ಸಾಕಾಗಿತ್ತು.

ಮೇಲಿನ ಅಧಿಕಾರಿಗಳಿಗೂ ಸಾಕಾಗಿತ್ತು. ಈ ದಿನ ಸಂಜೆ ನಾಲ್ಕಕ್ಕೆ ಪಟ್ಟಣದಿಂದ ಜೀಪು ಬರುತ್ತದೆ. ಕೊಲೆಯ ಆರೋಪ ಹೊತ್ತು ಬಡಗಿ ಅದರಲ್ಲಿ ಹೋಗುತ್ತಾನೆ. ಹೋದವನನ್ನು ಮರಳಿ ತರುವುದು ಇನ್ಸ್‌ಪೆಕ್ಟರ ಕೈಯಲ್ಲಿ ಇರುವುದಿಲ್ಲ.

ಆದರೂ ಅವರ ಮನಸ್ಸು ಒಪ್ಪಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಅವರು ಕೇಳಿದ ಸುಳ್ಳುಗಳಿಗೆ ಲೆಕ್ಕವಿರಲಿಲ್ಲ. ಮಂಜಿತ್ತು, ಕಣ್ತಪ್ಪಿತು, ಲೆಕ್ಕ ತಪ್ಪಿತು ಎಂದಿದ್ದರೆ ಇವನು ಅರ್ಧ ಪಾರಾಗುತ್ತಿದ್ದ. ಇಷ್ಟು ಸುಲಭವಾಗಿ ಮುರಿದುಬೀಳುವ ಸುಳ್ಳನ್ನು ಯಾವ ಸುಳ್ಳುಗಾರನೂ ಆರಿಸಿಕೊಳ್ಳುವುದಿಲ್ಲ.

"ನಡೀರಿ," ಎಂದರು. "ಇಳಿಯೋಣ."

ಓಡುವವರು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ದಾರಿ ಅವರ ಹಳೆಯ ಮೊಣಕಾಲಿಗೆ ಒಂದು ಗಂಟೆ ಹಿಡಿಯಿತು. ಕೆಳಗೆ ಬಡಗಿಯನ್ನು ಕಾನ್‌ಸ್ಟೇಬಲ್ಲಿನ ಜೊತೆ ಸ್ಟೇಷನ್ನಿಗೆ ಕಳಿಸಿದರು.

*

ಷೆಡ್ಡಿನ ಬೀಗ ತೆಗೆದವರು ಮರದ ಮಿಲ್ಲಿನ ಯಜಮಾನರು. ಓಟದ ಕೂಟದ ಅಧ್ಯಕ್ಷರೂ ಅವರೇ. ಬಡಗಿಯ ಹೆಂಡತಿಗೆ ಒಡಹುಟ್ಟಿದ ಅಣ್ಣ. ಭಾರಿ ಆಳು. ಎಡಗಾಲಿಗೆ ಬಟ್ಟೆ ಸುತ್ತಿಕೊಂಡು, ಕೋಲು ಊರಿಕೊಂಡು ಕುಂಟುತ್ತ ಬಂದರು.

"ಶನಿವಾರ ಮಿಲ್ಲಿನ ಮೆಟ್ಟಿಲ ಮೇಲೆ ಉಳುಕಿತು," ಎಂದು ಕೇಳದೆಯೇ ಹೇಳಿದರು. "ಭಾನುವಾರ ನಾನು ಓಡ್ಲೇ ಇಲ್ಲ. ಓಡಿದ್ರೂ ಹೊಳೆ ದಾರಿ ಅಷ್ಟೆ, ಅದು ಸಪಾಟು. ಈ ಹೊಟ್ಟೆ ಹೊತ್ಕೊಂಡು ಬೋರೆ ಹತ್ತೋ ಗಂಡು ನಾನಲ್ಲ. ಹನ್ನೆರಡು ವರ್ಷದಲ್ಲಿ ಒಂದ್ಸಲಾನೂ ಹತ್ತಿಲ್ಲ."

"ನಿಮ್ಮ ಭಾವನ ಬಗ್ಗೆ ಏನಂತೀರಿ?"

"ಭಾವ ಒರಟ. ಬಾಯಿ ಬಿಟ್ರೆ ಉಳಿ ಇಟ್ಟು ಕೆತ್ತಿದ ಹಾಗೆ. ಆದ್ರೆ ಕೊಲೆ ಮಾಡೋ ಮನುಷ್ಯ ಅಲ್ಲ ಸ್ವಾಮಿ. ಏನೋ ಮೈಮರೆತಿದಾನೆ. ನೀವು ದೊಡ್ಡ ಮನಸ್ಸು ಮಾಡಿ ಹಾಗೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರು ಹಲಗೆಯ ಮುಂದೆ ನಿಂತರು. ಟಾರ್ಚು ಹಚ್ಚಿ, ಬೆಳಕು ಹಲಗೆಯ ಮೇಲೆ ನೇರವಾಗಿ ಬೀಳದೆ ಪಕ್ಕದಿಂದ ಸವರಿ ಹೋಗುವಂತೆ ಹಿಡಿದರು.

ಹಲಗೆಗೆ ನೀಲಿ ಬಣ್ಣ. ತೂಗಾಡುವ ಬಿಲ್ಲೆಗಳು ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ, ಪ್ರತಿ ಮೊಳೆಯ ಕೆಳಗೂ ಬಣ್ಣ ಬಿಲ್ಲಿನಾಕಾರದಲ್ಲಿ ಮಾಸಿತ್ತು. ಹದಿಮೂರರ ಕೆಳಗೆ ಹಾಗೆ. ಹದಿನೈದರ ಕೆಳಗೆ ಹಾಗೆ. ಹದಿನಾಲ್ಕರ ಕೆಳಗೂ ಹಾಗೆಯೇ. ಆದರೆ ಅದೇ ಮಾಸಿದ ಗುರುತಿನ ಮೇಲೆ, ಕೂದಲಿನಷ್ಟು ಸಣ್ಣಗೆ, ಹೊಳೆಯುವ ಗೀರುಗಳಿದ್ದವು.

"ದಫೇದಾರ್ರೆ, ಎಣಿಸಿ."

"ನಾಲ್ಕು... ಐದು. ಆರು ಸಾರ್."

ಇನ್ಸ್‌ಪೆಕ್ಟರು ಜೇಬಿನಿಂದ ಟೀಚರಮ್ಮನ ಬಿಲ್ಲೆ ತೆಗೆದು ದಫೇದಾರರ ಅಂಗೈಗೆ ಅಂಚನ್ನು ಒತ್ತಿ ಎಳೆದರು.

"ಗೀರಿತಾ?"

"ಇಲ್ಲ ಸಾರ್. ಬೆಣ್ಣೆ ಸವರಿದ ಹಾಗಿದೆ."

"ಎಷ್ಟೋ ವರ್ಷದ ಬೆವರು ಕುಡಿದ ಹಳೇ ಬಿಲ್ಲೆ ಇದು. ಇದು ಬಣ್ಣ ಮಾಸಿಸಬಹುದು, ಗೀರೋಕಾಗಲ್ಲ. ಅಂಚು ಅರದಿಂದ ಉಜ್ಜದೆ ಇರೋ ಹೊಸ ತಗಡು ಮಾತ್ರ ಹೀಗೆ ಗೀರುತ್ತೆ." ಅವರು ಟಾರ್ಚು ಆರಿಸಿದರು. "ಮೇಸ್ತ್ರಿ ಸುಳ್ಳು ಹೇಳಿಲ್ಲ. ಭಾನುವಾರ ಈ ಮೊಳೆಯಲ್ಲಿ ಒಂದು ಹದಿನಾಲ್ಕು ತೂಗ್ತಾ ಇತ್ತು. ಟೀಚರಮ್ಮನ ಸೊಂಟದಲ್ಲಿ ಇನ್ನೊಂದು ಹದಿನಾಲ್ಕು ಇತ್ತು."

ದಫೇದಾರರು ತಮ್ಮ ಅಂಗೈಯನ್ನು ಇನ್ನೊಮ್ಮೆ ನೋಡಿಕೊಂಡರು. ಮಿಲ್ಲಿನ ಯಜಮಾನರು ಕೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು.

ಮೊಳೆಯ ತಲೆಗೆ ಏನೋ ಅಂಟಿಕೊಂಡಿತ್ತು. ಇನ್ಸ್‌ಪೆಕ್ಟರು ಉಗುರಿನಿಂದ ಕೆರೆದು ಕಾಗದದ ಮೇಲೆ ಉದುರಿಸಿಕೊಂಡರು: ಸಾಸಿವೆಯಷ್ಟು ಹಳದಿ ಕಣ, ಅದರಲ್ಲಿ ಹುದುಗಿದ ಒಂದು ನೂಲಿನ ಎಳೆ. ಉಳಿದ ಬಿಲ್ಲೆಗಳೆಲ್ಲ ಬೂಟಿನ ಲಾಡಿಯ ತುಂಡಿನಲ್ಲಿ ತೂಗುತ್ತಿದ್ದವು.

"ಓಡೋರನ್ನ ಬಿಟ್ಟು ಈ ಷೆಡ್ಡಿಗೆ ಯಾರ್ಯಾರು ಬರ್ತಾರೆ?"

"ಇನ್ಯಾರು ಬರ್ತಾರೆ?" ಎಂದರು ಯಜಮಾನರು. "ಯಾರೂ ಇಲ್ಲ. ನನ್ನ ತಂಗಿ ಬರ್ತಾಳೆ, ಭಾನುವಾರ ಭಾನುವಾರ. ಪಟ್ಟಿ ಒಗೆದು ಇಸ್ತ್ರಿ ಮಾಡಿ ತಂದಿಡ್ತಾಳೆ. ಅವಳನ್ನೂ ಒಂದು ಲೆಕ್ಕಕ್ಕೆ ಹಿಡೀತೀರಾ?"

*

ಬಡಗಿಯ ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ: ಕಿಟಕಿಗೆ ಆನಿಸಿದ ಕಾಲಿನ ಮಷೀನು, ಸುಣ್ಣದ ಗೆರೆ ಬಿದ್ದ ಕತ್ತರಿಸುವ ಮೇಜು, ಮೂಲೆಯಲ್ಲಿ ಒಂದೇ ಅಳತೆಗೆ ಹರಿದ ಕೆಂಪು ಬಟ್ಟೆಯ ಪಟ್ಟಿಗಳ ಅಡಕಲು. ಕನ್ನಡಕದ ಮೇಲಿಂದ ನೋಡಿದಳು; ಮಷೀನು ನಿಲ್ಲಿಸಲಿಲ್ಲ.

"ಊಟದ ಡಬ್ಬಿ ತಂದ್ರಾ? ನಾಲ್ಕು ದಿನದಿಂದ ನಾಲ್ಕು ಡಬ್ಬಿ ನಿಮ್ಮ ಸ್ಟೇಷನ್ನಿಗೆ ಹೋದ್ವು, ಒಂದೂ ವಾಪಸ್ ಬರ್ಲಿಲ್ಲ. ಗಂಡನ್ನ ಇಟ್ಕೊಂಡ್ರಿ, ಪಾತ್ರೇನಾದ್ರೂ ಬಿಡಿ."

ದಫೇದಾರರು ಬಾಗಿಲ ಹೊರಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಇವತ್ತೇ ಕಳಿಸ್ತೀನಮ್ಮ," ಎಂದರು ಇನ್ಸ್‌ಪೆಕ್ಟರು. "ಸ್ವಲ್ಪ ಮಾತಾಡೋದಿತ್ತು."

"ಮಾತಾಡಿ. ಕೋಟು ಬಿಚ್ಚಿ ಕೊಟ್ಟು ಮಾತಾಡಿ. ಆ ಗುಂಡಿ ಜೋತಾಡ್ತಿದ್ರೆ ನನ್ನ ಕೈ ಸುಮ್ನಿರಲ್ಲ."

ಅವರು ಕೋಟು ಕೊಟ್ಟರು. ಆಕೆ ಕಪ್ಪು ನೂಲು ಹಿರಿದು ಹಲ್ಲಿನಿಂದ ಕಡಿದಳು. ಮೇಜಿನ ಮೇಲಿದ್ದ ಜೇನುಮೇಣದ ಉಂಡೆಯ ಮೇಲೆ ನೂಲನ್ನು ಒಂದು ಸಲ, ಎರಡು ಸಲ ಒತ್ತಿ ಎಳೆದಳು. ಮೇಣದ ಉಂಡೆ ತುಂಬ ನೂಲು ಕೊರೆದ ಸಾಲುಗಳಿದ್ದವು.

"ಅದೇಕಮ್ಮ ಮೇಣ?"

"ಗಟ್ಟಿ ಬರುತ್ತೆ, ಸಿಕ್ಕಾಗಲ್ಲ. ಗುಂಡಿಗೆ, ಕೊಕ್ಕೆಗೆ, ತೂಗೋದಕ್ಕೆಲ್ಲ ಮೇಣದ ನೂಲೇ ಹಾಕಬೇಕು. ನಮ್ಮಮ್ಮ ಕಲಿಸಿದ್ದು."

ಇನ್ಸ್‌ಪೆಕ್ಟರು ಅಂಗಿಯ ಜೇಬಿನ ಕಾಗದ ಬಿಚ್ಚಿ, ಮೇಣದ ಉಂಡೆಯ ಪಕ್ಕದಲ್ಲಿಟ್ಟರು. ಹಳದಿ ಕಣ, ನೂಲಿನ ಎಳೆ.

"ಇದು ಹದಿನಾಲ್ಕನೇ ಮೊಳೆ ಮೇಲೆ ಸಿಕ್ತು."

ಆಕೆಯ ಕಣ್ಣು ಒಮ್ಮೆ ಕಾಗದದ ಮೇಲೆ ಹಾದುಹೋಯಿತು. ಆಕೆ ಗುಂಡಿಯ ಹೊಲಿಗೆ ನಿಲ್ಲಿಸಲಿಲ್ಲ. ನಾಲ್ಕು ಸಲ ಸೂಜಿ ಹೋಯಿತು, ಬಂದಿತು. ಬುಡಕ್ಕೆ ನೂಲು ಸುತ್ತಿ, ಗಂಟು ಹಾಕಿ, ಕಡಿದು, ಕೋಟನ್ನು ಕೊಡವಿ ಅವರ ಮುಂದಿಟ್ಟಳು.

"ಇವತ್ತು ಎಷ್ಟು ಹೊತ್ತಿಗೆ ಕರ್ಕೊಂಡು ಹೋಗ್ತಾರೆ ಅವರನ್ನ?"

"ನಾಲ್ಕಕ್ಕೆ."

"ಹಲಗೆಯಲ್ಲಿ ಬಿಲ್ಲೆ ಇತ್ತು ಅಂತ ಗೊತ್ತಾದ್ರೆ ಬಿಟ್ಬಿಡ್ತಾರಾ?"

"ಅವರ ಮಾತು ನಿಜ ಅಂತಾಗುತ್ತೆ. ಅಲ್ಲಿಗೆ ಕೊಲೆ ಅನ್ನೋ ಮಾತು ನಿಲ್ಲಲ್ಲ. ಆದ್ರೆ ಬಿಲ್ಲೆ ಹಾಕಿದವರು ಯಾರು ಅಂತ ಕೇಳ್ತಾರೆ. ಆ ಭಾರ ಹಾಕಿದವರ ತಲೆ ಮೇಲೆ ಬರುತ್ತೆ."

ಆಕೆ ಎದ್ದು ಗುಂಡಿಗಳ ತಗಡಿನ ಡಬ್ಬ ತೆಗೆದಳು. ಬಿಳಿ ಗುಂಡಿ, ಕಪ್ಪು ಗುಂಡಿ, ಚಿಪ್ಪಿನ ಗುಂಡಿಗಳ ರಾಶಿಯನ್ನು ಬೆರಳಿನಿಂದ ಬಗೆದು, ತಳದಿಂದ ಒಂದು ಬಿಲ್ಲೆ ಹೆಕ್ಕಿದಳು. ಹೊಸ ತಗಡು, ಹರಿತವಾದ ಅಂಚು, ಮೇಣದ ನೂಲಿನ ಕುಣಿಕೆ. ಅದರ ಮೇಲೆ ಹದಿನಾಲ್ಕು.

"ಟೀಚರಮ್ಮನೇ ಪಟ್ಟಣದಲ್ಲಿ ಮಾಡಿಸ್ಕೊಂಡು ಬಂದಿದ್ದು. ಆರು ಭಾನುವಾರ ನಾನೇ ಹಾಕಿದೆ. ಏಳೂವರೆಗೆ ಪಟ್ಟಿ ಇಡೋಕೆ ಅಂತ ಹೋಗಿ ಹಾಕೋದು, ಷೆಡ್ಡು ಖಾಲಿಯಾದ ಮೇಲೆ ಹೋಗಿ ತೆಗೆಯೋದು."

"ಯಾಕಮ್ಮ?"

"ಎರಡು ಗಂಟೆ ನನ್ನ ಯಾರೂ ಹುಡುಕ್ಬಾರ್ದು ಅಂದ್ರು. ಮೇಲೆ ಒಂದು ಕೆಲಸ ಇದೆ, ಮುಗಿದ ಮೇಲೆ ಮೊದಲು ನಿನಗೇ ಹೇಳ್ತೀನಿ ಅಂದ್ರು. ನಾನು ಕೇಳ್ಲಿಲ್ಲ. ನನ್ನನ್ನ ಈ ಊರಲ್ಲಿ ಎಲ್ಲರೂ ಅಳತೆ ಕೊಡೋಕೆ, ಬಟ್ಟೆ ಇಸ್ಕೊಳ್ಳೋಕೆ ಮಾತಾಡಿಸ್ತಾರೆ ಸಾರ್. ಸುಮ್ನೆ ಬಂದು ಕೂತು ಮಾತಾಡಿದೋರು ಆಯಮ್ಮ ಒಬ್ರೇ."

"ನಿಮ್ಮ ಯಜಮಾನರ ಬೆಂಚನ್ನ ಅವರು ಹಿಂದಕ್ಕೆ ಕಳಿಸಿದ್ದಕ್ಕೆ..."

"ಬೆಂಚು ಅಲ್ಲಾಡ್ತಿತ್ತು!" ಆಕೆಯ ದನಿ ಏರಿತು. "ನಾನೂ ಹೇಳಿದ್ದೆ ಅಲ್ಲಾಡುತ್ತೆ ಅಂತ. ನಮ್ಮನೆಯವರೂ ಆಮೇಲೆ ಒಪ್ಕೊಂಡ್ರು. ಅದಕ್ಕೆ ಯಾರಾದ್ರೂ ಜೀವ ತೆಗೀತಾರಾ?"

ಇನ್ಸ್‌ಪೆಕ್ಟರು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿಕೊಂಡರು.

"ನಾಲ್ಕು ದಿನ ಸುಮ್ನಿದ್ರಿ."

"ಮಂಜಿತ್ತು." ಆಕೆಯ ಕಣ್ಣು ಅಡಕಲಿನ ಕೆಂಪು ಪಟ್ಟಿಗಳ ಮೇಲಿತ್ತು. "ಅವತ್ತು ಮಂಜಿತ್ತು ಸಾರ್. ಹಾಕ್ಬಾರ್ದಿತ್ತು. ಕೊಟ್ಟ ಮಾತು ಅಂತ ಹಾಕಿದೆ. ಹಾಕ್ದೆ ಇದ್ದಿದ್ರೆ ಊರೆಲ್ಲ ಶಿಳ್ಳೆ ಊದ್ಕೊಂಡು ಹೋಗ್ತಿತ್ತು, ಆಯಮ್ಮ ಬದುಕ್ತಿದ್ರು. ಇದನ್ನ ಯಾವ ಬಾಯಲ್ಲಿ ಹೇಳ್ಲಿ?"

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಮಷೀನಿನ ಮೇಲೆ ಹೊದಿಕೆ ಹಾಕಿದಳು. ಗೂಟದ ಮೇಲಿನಿಂದ ಗಂಡನ ಶಾಲು ಇಳಿಸಿಕೊಂಡಳು.

"ನಡೀರಿ. ನಾಲ್ಕಾಗೋಕೆ ಮುಂಚೆ ಬರ್ಕೊಳ್ಳಿ."

*

ಸ್ಟೇಷನ್ನಿನಲ್ಲಿ ಮೂರೂವರೆಗೆ ಹೇಳಿಕೆ ಮುಗಿಯಿತು. ದಫೇದಾರರು ಬರೆದದ್ದನ್ನು ಓದಿ ಹೇಳಿದರು. ಆಕೆ ಸಹಿ ಹಾಕಿದಳು. ವಿಷಯ ತಿಳಿದು ಕುಂಟುತ್ತ ಬಂದ ಮಿಲ್ಲಿನ ಯಜಮಾನರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಬಾಗಿಲು ಅರ್ಧ ತೆರೆದಿತ್ತು.

ಬಡಗಿಯನ್ನು ಒಳಗೆ ಕರೆತಂದು, ಬೇಡಿ ಬಿಚ್ಚಿ, ಹೆಂಡತಿಯ ಎದುರಿಗೆ ಕೂರಿಸಿದರು. ಇನ್ಸ್‌ಪೆಕ್ಟರು ಹೇಳಿಕೆಯನ್ನು ತಾವೇ ಓದಿದರು. ಒಳ್ಳೆಯ ಸುದ್ದಿಯನ್ನು ಓದುತ್ತಿದ್ದೇನೆಂಬ ಭಾವ ಅವರಲ್ಲಿತ್ತು.

ಬಡಗಿ ಕೊನೆಯವರೆಗೂ ಕೇಳಿದ. ಅವನ ಮುಖದಲ್ಲಿ ಬಿಡುಗಡೆಯ ಕಳೆ ಕಾಣಲಿ ಎಂದು ಕಾಯುತ್ತಿದ್ದವರಿಗೆ ಕಂಡದ್ದು ಬೇರೆ.

"ಯಾಕೆ ಹೇಳ್ದೆ?" ಎಂದು ಹೆಂಡತಿಯನ್ನು ಕೇಳಿದ, ಮೆತ್ತಗೆ.

"ನಿಮಗೆ ಗೊತ್ತಿತ್ತಾ?"

"ಮೊದಲನೇ ಭಾನುವಾರಾನೇ ಗೊತ್ತಾಯ್ತು. ನನ್ನ ಹಲಗೆ ಕಣೇ ಅದು. ಗೀರು ಬಿದ್ರೆ ನನಗೆ ಕಾಣಲ್ವಾ? ಆ ಗಂಟು ಯಾರ ಕೈದು ಅಂತ ಗೊತ್ತಾಗಲ್ವಾ?"

ಇನ್ಸ್‌ಪೆಕ್ಟರ ಕೈಯಲ್ಲಿದ್ದ ಹಾಳೆ ಮೇಜಿಗೆ ಇಳಿಯಿತು.

"ಮೇಸ್ತ್ರಿ, ಯೋಚಿಸಿ ಮಾತಾಡಿ. ಬಿಲ್ಲೆ ನಕಲಿ, ಟೀಚರಮ್ಮ ಇನ್ನೂ ಮೇಲೆ ಇದಾರೆ ಅಂತ ಗೊತ್ತಿದ್ದೂ ಪಟ್ಟಿ ಬಿಚ್ಚಿದ್ರಾ?"

"ಐದು ಭಾನುವಾರ ಆ ಕವಲಿನ ಪಟ್ಟಿ ಒಂದನ್ನ ಬಿಟ್ಟು ಉಳಿದಿದ್ದನ್ನ ಬಿಚ್ಕೊಂಡು ಬರ್ತಿದ್ದೆ ಸಾರ್. ಟೀಚರಮ್ಮ ಮನೆ ಸೇರಿದ ಮೇಲೆ ಇನ್ನೊಂದ್ಸಲ ಹತ್ತಿ ಅದನ್ನ ಬಿಚ್ತಿದ್ದೆ. ಇವಳಿಗೂ ಹೇಳ್ಲಿಲ್ಲ. ಅವರವರ ಗುಟ್ಟು ಅವರವರಿಗೆ ಅಂತ ಸುಮ್ನಿದ್ದೆ."

"ಆರನೇ ಭಾನುವಾರ?"

ಬಡಗಿ ತನ್ನ ಮಣಿಕಟ್ಟಿನ ಮೇಲೆ ಬೇಡಿ ಉಳಿಸಿದ್ದ ಕೆಂಪು ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿದ.

"ಎಂಟು ಗಂಟೆ ಇರಬೇಕು. ಕವಲಿನಲ್ಲಿ ನಿಂತಿದ್ದೆ. ಮಂಜು, ಕೈ ಚಾಚಿದ್ರೆ ಕೈ ಕಾಣಲ್ಲ. ಮೇಲಿಂದ ಓಡೋ ಹೆಜ್ಜೆ ಸದ್ದು ಬಂತು. ಎರಡು ಜೊತೆ ಹೆಜ್ಜೆ. ಮುಂದಿಂದು ಹಗುರ, ಹಿಂದಿಂದು ಭಾರ. ಹಿಂದಿಂದ 'ನಿಲ್ಲಿ ಟೀಚರ್, ಅದನ್ನ ಕೊಟ್ಟು ಹೋಗಿ' ಅಂತ ಕೂಗಿದ್ದು ಕೇಳ್ತು. ಆಯಮ್ಮ ಆ ದಾರೀನ ಕಣ್ಣು ಕಟ್ಟಿದ್ರೂ ಇಳೀತಾರೆ ಅನ್ಕೊಂಡೆ. ಹಿಂದೆ ಬರ್ತಿದ್ದೋರಿಗೆ ಪಟ್ಟಿ ಬೇಕು, ಅವರಿಗೆ ಬೋರೆ ಗೊತ್ತಿಲ್ಲ. ದಾರಿ ಸಿಗ್ಬಾರ್ದು ಅಂತ ಬಿಚ್ಚಿ ಜೇಬಿಗೆ ಹಾಕ್ಕೊಂಡು ಕಾಡಿನೊಳಗೆ ಇಳಿದು ಕಾಯ್ತಾ ನಿಂತೆ." ಅವನ ಹೆಬ್ಬೆರಳು ಕೆಂಪು ಗೆರೆಯ ಮೇಲೆ ನಿಂತಿತು. "ಯಾರೂ ಇಳೀಲಿಲ್ಲ. ಆಯಮ್ಮ ಎಡಕ್ಕೆ ಹೋಗಿದ್ರು."

ದಫೇದಾರರು ಲೇಖನಿ ಕೆಳಗಿಟ್ಟರು. ಉಳಿಸಲೆಂದು ಮಾಡಿದ ಕೆಲಸವೇ ಕೊಂದಿತ್ತು.

"ಕೂಗಿದ್ದು ಯಾರು?" ಇನ್ಸ್‌ಪೆಕ್ಟರು ಕೇಳಿದರು.

"ಬೇಡ ಸಾರ್."

"ಮೇಸ್ತ್ರಿ, ಅದನ್ನ ಹೇಳ್ದೆ ಇದ್ರೆ ಈಗ ಹೇಳಿದ್ದಷ್ಟೇ ಉಳಿಯುತ್ತೆ. ಗೊತ್ತಿದ್ದೂ ಬಿಚ್ಚಿದೆ ಅನ್ನೋದು. ಅದು ನೇಣು."

ಬಡಗಿ ಹೆಂಡತಿಯನ್ನೇ ನೋಡುತ್ತ, ಬಾಗಿಲ ಆಚೆಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಹೇಳಿದ:

"ನಿನ್ನ ಅಣ್ಣ."

ಆಕೆ ಎದ್ದು ನಿಂತಳು. ಮಡಿಲಿನಲ್ಲಿದ್ದ ಶಾಲು ನೆಲಕ್ಕೆ ಬಿದ್ದಿತು.

"ಸುಳ್ಳು. ಅಣ್ಣ ಕಾಲು ಉಳುಕಿಸ್ಕೊಂಡು ನನ್ನ ಹೊಲಿಗೆ ಕೋಣೇಲಿ ಕೂತಿದ್ದ. ಬೆಳಕು ಹರಿದಾಗಿಂದ ಒಂಬತ್ತರವರೆಗೆ ಅಲ್ಲೇ ಇದ್ದ. ಬಿಸಿನೀರಲ್ಲಿ ಕಾಲಿಡಿಸಿ ಬಟ್ಟೆ ಸುತ್ತಿದ್ದು ನಾನೇ. ಅವನ ಪಕ್ಕ ಬಿಟ್ಟು ನಾನು ಒಂದು ಕ್ಷಣಾನೂ ಎದ್ದಿಲ್ಲ. ಬರ್ಕೊಳ್ಳಿ ದಫೇದಾರ್ರೆ!"

ದಫೇದಾರರು ಬರೆದುಕೊಂಡರು.

"ನೋಡಿದ್ರಾ ಸಾರ್," ಎಂದ ಬಡಗಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇದಕ್ಕೇ ನಾಲ್ಕು ದಿನ ಬಾಯಿ ಬಿಡ್ಲಿಲ್ಲ."

ಇನ್ಸ್‌ಪೆಕ್ಟರು ಮೊದಲನೆಯ ಹಾಳೆಯನ್ನೂ ಶಾಯಿ ಆರದ ಎರಡನೆಯ ಹಾಳೆಯನ್ನೂ ಆಕೆಯ ಮುಂದೆ ಅಕ್ಕಪಕ್ಕದಲ್ಲಿಟ್ಟರು.

"ಅಮ್ಮಾ, ಇದರಲ್ಲಿ ಏಳೂವರೆಗೆ ಷೆಡ್ಡಿಗೆ ಹೋಗಿ ಬಿಲ್ಲೆ ಹಾಕಿದೆ ಅಂತ ಹೇಳಿದೀರಿ. ಇದರಲ್ಲಿ ಒಂಬತ್ತರವರೆಗೆ ಕೋಣೆ ಬಿಟ್ಟು ಎದ್ದಿಲ್ಲ ಅಂತ ಹೇಳಿದೀರಿ. ಒಬ್ಬ ಮನುಷ್ಯ ಎರಡು ಕಡೆ ಇರೋಕಾಗಲ್ಲ. ಒಂದು ಹಾಳೆ ನಿಮ್ಮ ಯಜಮಾನರಿಗೆ ಆಧಾರ, ಇನ್ನೊಂದು ನಿಮ್ಮ ಅಣ್ಣನಿಗೆ ಆಧಾರ. ಸುಳ್ಳು ಯಾವುದೋ ಅದನ್ನ ನೀವೇ ಹೊಡೆದುಹಾಕಿ. ಯಾವುದು ಅಂತ ನಾನು ಹೇಳೋ ಹಾಗಿಲ್ಲ."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಬೆಂಚಿನ ಕಡೆಯಿಂದ ಅಣ್ಣನ ದನಿ ಬಂದಿತು, ಅಕ್ಕರೆಯ ದನಿ:

"ತಂಗೀ, ಜೀಪು ಬಂತಮ್ಮ. ಭಾವಂಗೆ ಶಾಲು ಕೊಟ್ಯಾ? ದಾರೀಲಿ ಚಳಿ ಇರುತ್ತೆ."

ಆಕೆ ಬಾಗಿಲ ಕಡೆಗೆ ತಿರುಗಲಿಲ್ಲ. ಗಂಡನ ಕಡೆಗೂ ನೋಡಲಿಲ್ಲ. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಕಸುಬಿನವರು ಉಸಿರು ಹಿಡಿಯುವಂತೆ ಒಮ್ಮೆ ಉಸಿರು ಹಿಡಿದು, ಲೇಖನಿ ಎತ್ತಿಕೊಂಡಳು. ಎರಡನೆಯ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೇಲಿಂದ ಕೆಳಗೆ ನೇರವಾಗಿ ಒಂದು ಗೀಟು ಹಾಕಿದಳು.

ಬಡಗಿ ಕಣ್ಣು ಮುಚ್ಚಿದ. ದಫೇದಾರರು ತಡೆದಿದ್ದ ಉಸಿರು ಬಿಟ್ಟರು.

ಲೇಖನಿ ಕೆಳಗಿಳಿಯಲಿಲ್ಲ. ಆಕೆ ಮೊದಲನೆಯ ಹಾಳೆಯನ್ನೂ ಎಳೆದುಕೊಂಡು, ತಾನು ಸಹಿ ಮಾಡಿದ್ದ ಆ ಹೇಳಿಕೆಯ ಮೇಲೂ ಅಷ್ಟೇ ನೇರವಾದ ಗೀಟು ಹಾಕಿದಳು.

"ಹೊಸ ಹಾಳೆ ಕೊಡಿ ದಫೇದಾರ್ರೆ," ಎಂದಳು. "ಅವತ್ತು ಏಳೂವರೆಗೆ ನಾನು ಷೆಡ್ಡಲ್ಲೂ ಇರ್ಲಿಲ್ಲ, ಕೋಣೇಲೂ ಇರ್ಲಿಲ್ಲ. ಬಿಲ್ಲೆ ಮುಂಚೇನೇ ಹಾಕಿ ಹೊರಟಿದ್ದೆ. ಎಲ್ಲಿದ್ದೆ, ಅಲ್ಲಿ ಅಣ್ಣನ್ನ ಹೇಗೆ ನೋಡಿದೆ ಅಂತ ಹೇಳ್ತೀನಿ. ಮೊದಲು ಎದ್ದು ಆ ಬಾಗಿಲು ಹಾಕಿ."